ಮಾತಿನ ಹುಟ್ಟು, ಮಾತಿನ ಬಾಳು

ಇಂಗ್ಲಿಷು ಮಾತುಗಳ ವಿಚಾರವಾಗಿ ಕನ್ನಡದ ಮೇಷ್ಟರನ್ನು ಪ್ರಶ್ನೆ ಕೇಳುವುದು ಕೊಂಚ ವಿಚಿತ್ರವೇ ಸರಿ. ಆದರೆ ಮಾತಿನ ಅಂಗಡಿ ಇಟ್ಟವನೆಂದಮೇಲೆ ಎಲ್ಲ ಬಗೆಯ ಸರಕೂ ಇವನಲ್ಲಿ ಸಿಕ್ಕೀತೆಂದು ಜನ ನಂಬುತ್ತಾರೆ. ಕಾಲೇಜಿನ ಹುಡುಗರು ಕೇಳುತ್ತಾರೆ. ಅವರ ತಂದೆಯಂದಿರು ಕೇಳುತ್ತಾರೆ. ಇಂಗ್ಲಿಷಿನ ಮೇಲೆ ಅಭಿಮಾನವಿಟ್ಟುಕೊಂಡ ನಿವೃತ್ತ ಅಧಿಕಾರಿಗಳಂತೂ ದಾರಿಯಲ್ಲಿ ನಿಲ್ಲಿಸಿಯೇ ಕೇಳುತ್ತಾರೆ. “ನೈಸ್ ಎಂಬ ಮಾತಿಗೆ ನಿಜವಾದ ಅರ್ಥ ದಡ್ಡ ಎಂದಂತೆ, ಹೌದೆ?” “ಡೆಸಿಮೇಟ್ ಎಂದರೆ ಹತ್ತು ಜನರಲ್ಲಿ ಒಬ್ಬನನ್ನು ಕೊಲ್ಲುವುದು ತಾನೆ? ಊರಿಗೆ ಊರೇ ಹಾಳಾಯಿತೆನ್ನುವುದಕ್ಕೆ ಅದನ್ನು ಬಳಸುವುದು ತಪ್ಪಲ್ಲವೆ?” “ಪಾಷ್ ಎಂಬ ಮಾತು ಹಡಗಿನ ಟಿಕೆಟ್ಟಿನಿಂದ ಹುಟ್ಟಿತಂತಲ್ಲ?”

ಪ್ರಶ್ನೆಗಳು ಬೇರೆಬೇರೆಯಾಗಿ ಕಂಡರೂ ಇವುಗಳ ತಳದಲ್ಲಿರುವ ನಂಬಿಕೆ ಒಂದೇ. ಮಾತಿಗೆ ‘ನಿಜವಾದ ಅರ್ಥ’ವೊಂದುಂಟು, ಅದು ಮಾತಿನ ಹುಟ್ಟಿನಲ್ಲಿದೆ, ಆಮೇಲೆ ಜನ ಬಳಸಿ ಬಳಸಿ ಅದನ್ನು ಕೆಡಿಸಿದ್ದಾರೆ ಎಂಬುದೇ ಆ ನಂಬಿಕೆ. ಇದು ಇಂದಿನದಲ್ಲ. ಶಬ್ದಗಳ ವ್ಯುತ್ಪತ್ತಿಯನ್ನು ಹೇಳುವ ಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ಎಟಿಮಾಲಜಿ ಎಂದು ಹೆಸರು. ಅದರ ಮೂಲವಾದ ಗ್ರೀಕಿನ ‘ಎಟಿಮೊಸ್’ ಎಂಬುದಕ್ಕೆ ಅರ್ಥವೇ ‘ನಿಜ’ ಎಂದು. ಹುಟ್ಟನ್ನು ಕಂಡರೆ ನಿಜವನ್ನು ಕಂಡಂತೆ ಎಂದು ಗ್ರೀಕರೇ ನಂಬಿದ್ದರು. ಈ ನಂಬಿಕೆ ಸಡಿಲವಾಗುವುದಕ್ಕೆ ಇಂಗ್ಲಿಷರಿಗೆ ಬಹು ಕಾಲ ಹಿಡಿಯಿತು. ಅದು ಸಡಿಲವಾದ ಬಗೆ ಒಂದು ಸ್ವಾರಸ್ಯವಾದ ಚರಿತ್ರೆ. ಅದನ್ನು ಹೇಳುವ ಮುನ್ನ ಕೆಲವು ಮಾತುಗಳನ್ನು ಹತ್ತಿರದಿಂದ ನೋಡೋಣ.

ನೈಸ್ ಎಂಬ ಮಾತು ಹೊರಟದ್ದು ಲ್ಯಾಟಿನ್ನಿನ ‘ನೆಸ್ಕಿಯುಸ್’ ಎಂಬುದರಿಂದ. ಎಂದರೆ ಅರಿಯದವನು. ಫ್ರೆಂಚಿನ ದಾರಿಯಲ್ಲಿ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗಲೂ ಅದಕ್ಕೆ ದಡ್ಡ ಎಂದೇ ಅರ್ಥವಿತ್ತು. ಅಲ್ಲಿಂದ ಅದು ಅತಿ ನಾಜೂಕಿನವನು ಎಂದಾಯಿತು; ನಾಜೂಕು ಸೂಕ್ಷ್ಮಕ್ಕೆ ತಿರುಗಿತು; 18ನೆಯ ಶತಮಾನದಲ್ಲಿ ಹಿತವಾದದ್ದು, ಸೊಗಸಾದದ್ದು ಎಂಬಲ್ಲಿಗೆ ಬಂದು ನಿಂತಿತು. ಸಿಲ್ಲಿ ಎಂಬುದರ ಪ್ರಯಾಣ ಇದಕ್ಕೆ ತಿರುಗುಮುರುಗು. ಹಳೆಯ ಇಂಗ್ಲಿಷಿನಲ್ಲಿ ಅದು ಸುಖಿ, ಧನ್ಯ ಎಂಬ ಮಾತಾಗಿತ್ತು. ಧನ್ಯನಾದವನು ನಿಷ್ಪಾಪಿ, ನಿಷ್ಪಾಪಿಯಾದವನು ಕನಿಕರಕ್ಕೆ ಪಾತ್ರ, ಕನಿಕರಕ್ಕೆ ಪಾತ್ರನಾದವನು ದುರ್ಬಲ, ಕೊನೆಗೆ ಬುದ್ಧಿಯಲ್ಲಿಯೂ ದುರ್ಬಲ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಅದು ಇಂದಿನ ಸ್ಥಿತಿಗೆ ಬಂದಿದೆ. ಅದರ ದಾಯಾದಿಯಾದ ಜರ್ಮನಿನ ‘ಜೇಲಿಗ್’ ಇಂದಿಗೂ ಧನ್ಯ ಎಂಬ ಅರ್ಥದಲ್ಲಿಯೇ ಇದೆ.

ಇದನ್ನು ಕೇಳಿ ನಾವು ನಗಬೇಕಾಗಿಲ್ಲ. ನಮ್ಮಲ್ಲಿ ಮುಗ್ಧ, ಮೂಢ ಎಂಬ ಎರಡು ಮಾತುಗಳಿವೆ. ಎರಡೂ ಸಂಸ್ಕೃತದ ‘ಮುಹ್’ ಎಂಬ ಒಂದೇ ಧಾತುವಿನಿಂದ ಬಂದವು. ಎರಡಕ್ಕೂ ಮೊದಲಲ್ಲಿ ಮತಿಗೆಟ್ಟವನೆಂದೇ ಅರ್ಥ. ಆದರೆ ಮಗುವನ್ನು ಮುಗ್ಧವೆಂದು ಮುದ್ದಿಸುತ್ತೇವೆ. ಮೂಢನೆಂದರೆ ಯಾರಾದರೂ ಜಗಳಕ್ಕೆ ಬರುತ್ತಾರೆ. ಪಾಪ ಎಂಬ ಮಾತನ್ನೇ ನೋಡಿ. ದಕ್ಷಿಣ ಕನ್ನಡದ ಕಡೆ ‘ಪಾಪದವನು’ ಎಂದರೆ ಪಾಪ ಮಾಡಿದವನಲ್ಲ, ಯಾರ ತಂಟೆಗೂ ಹೋಗದ ಸಾಧು. ಅಮರಕೋಶವನ್ನು ಹಿಡಿದುಕೊಂಡು ಆ ಸೀಮೆಗೆ ಹೋದವನು ಮೊದಲ ದಿನವೇ ದಿಕ್ಕುತಪ್ಪಿದಾನು.

ಇಂಗ್ಲಿಷಿನ ನೈಟ್ ಮತ್ತು ನೇವ್ ಎಂಬ ಜೋಡಿಯೂ ಮುಗ್ಧ–ಮೂಢರಂತೆ ಒಂದೇ ಅರ್ಥದಿಂದ ಹೊರಟದ್ದು. ಮೊದಲು ಎರಡಕ್ಕೂ ಹುಡುಗ ಎಂದೇ ಅರ್ಥ. ಹುಡುಗರು ದೊಡ್ಡವರ ಮನೆಗಳಲ್ಲಿ ಊಳಿಗಕ್ಕೆ ನಿಂತರು. ಆದ್ದರಿಂದ ಎರಡಕ್ಕೂ ಊಳಿಗದವನು ಎಂಬ ಅರ್ಥ ಬಂತು. ಮುಂದೆ ದಾರಿ ಕವಲೊಡೆಯಿತು. ಅರಸನ ಬಳಿ ಕುದುರೆಯೇರಿ ಸೇವೆ ಮಾಡಿದವನು ನೈಟ್, ಎಂದರೆ ವೀರ, ಸರದಾರ. ಅಡಿಗೆಮನೆಯಲ್ಲಿಯೇ ಉಳಿದವನು ನೇವ್, ಎಂದರೆ ಕಳ್ಳ, ಠಕ್ಕ. ಅಡಿಗೆಮನೆಯವನು ಕದ್ದನೋ ಇಲ್ಲವೋ ಮಾತಿಗೆ ಗೊತ್ತಿಲ್ಲ. ಕದ್ದನೆಂದು ಯಜಮಾನರು ಹೇಳಿದರು, ಮಾತು ಅದನ್ನು ನಂಬಿತು. ಹುಡುಗನನ್ನು ಸೂಚಿಸುವ ಮಾತು ಆಳಿಗೆ ಸಲ್ಲುವುದು ಎಲ್ಲ ದೇಶಗಳಲ್ಲಿಯೂ ಉಂಟು. ಕರಾವಳಿಯ ‘ಮಾಣಿ’ ಎಂಬುದಕ್ಕೆ ಹುಡುಗ ಎಂದು ಅರ್ಥ. ಅಲ್ಲಿಯ ಹೋಟೆಲುಗಳು ಊರೂರಿಗೆ ಹರಡಿದ ಮೇಲೆ, ಕಾಫಿಯ ಲೋಟ ತಂದಿಡುವವನಿಗೆ ವಯಸ್ಸು ಐವತ್ತಾದರೂ ಅವನು ಮಾಣಿಯೇ ಆದ.

ವಿಲ್ಲನ್ ಎಂಬ ಮಾತಿನ ಕಥೆ ಇನ್ನೂ ಕಹಿಯಾದದ್ದು. ಲ್ಯಾಟಿನ್ನಿನಲ್ಲಿ ‘ವಿಲ್ಲ’ ಎಂದರೆ ಹಳ್ಳಿಯ ತೋಟದ ಮನೆ. ಆ ಭೂಮಿಯಲ್ಲಿ ಗೇಯುವವನು ‘ವಿಲ್ಲಾನುಸ್’. ಅದೇ ಮುಂದೆ ವಿಲ್ಲನ್ ಆಗಿ, ಒರಟ, ನೀಚ, ದುಷ್ಟ ಎಂಬ ಅರ್ಥಗಳನ್ನು ಒಂದೊಂದಾಗಿ ಪಡೆದು, ಇಂದು ನಮ್ಮ ಸಿನಿಮಾದ ಖಳನಾಯಕನವರೆಗೆ ಬಂದಿದೆ. ಹೊಲ ಉತ್ತವನ ಹೆಸರು ಊರು ಸುಡುವವನ ಹೆಸರಾಯಿತು. ನಮ್ಮ ಆಲಂಕಾರಿಕರು ಗ್ರಾಮ್ಯವೆಂಬುದನ್ನು ಕಾವ್ಯದೋಷಗಳ ಪಟ್ಟಿಗೆ ಸೇರಿಸಿದರು. ನಗರದಲ್ಲಿರುವವನು ನಾಗರಿಕನೆಂಬ ಹೊಗಳಿಕೆಯನ್ನು ತಾನಾಗಿಯೇ ಪಡೆದ. ಹಳಗನ್ನಡದಲ್ಲಿ ಮರ್ಯಾದೆಯಿಂದ ಬಾಳಿದ ‘ಕೂಳು’ ಎಂಬ ಮಾತನ್ನು ಇಂದು ಅನ್ನಕ್ಕೆ ಬಳಸಿದರೆ ಬೈದಂತೆ ಆಗುತ್ತದೆ. ಮಾತಿನ ಅರ್ಥ ಏರುವುದರಲ್ಲಿ, ಇಳಿಯುವುದರಲ್ಲಿ ಸಮಾಜದ ತಕ್ಕಡಿ ಕಾಣುತ್ತದೆ. ಯಾರ ಕೈ ಮೇಲಿತ್ತು, ಯಾರ ಕೈ ಕೆಳಗಿತ್ತು ಎಂಬುದನ್ನು ಶಾಸನಗಳು ಮರೆಸಬಹುದು, ಮಾತು ಮರೆಸುವುದಿಲ್ಲ.

ಎಲ್ಲ ಬದಲಾವಣೆಯೂ ಏರಿಳಿತವೇ ಆಗಬೇಕಾಗಿಲ್ಲ. ಕೆಲವು ಮಾತುಗಳ ಹರಹು ಕುಗ್ಗುತ್ತದೆ. ಡಿಯರ್ ಎಂದರೆ ಒಂದು ಕಾಲಕ್ಕೆ ಯಾವ ಪ್ರಾಣಿಯೂ ಆಗಬಹುದಿತ್ತು. ಷೇಕ್ಸ್‌ಪಿಯರನ ಲಿಯರ್ ನಾಟಕದಲ್ಲಿ ಇಲಿ ಹೆಗ್ಗಣಗಳೂ ಡಿಯರ್‌ಗಳೇ. ಈಗ ಜಿಂಕೆಯ ಜಾತಿಗೆ ಮಾತ್ರ ಆ ಹೆಸರು. ಸಂಸ್ಕೃತದ ‘ಮೃಗ’ವೂ ಇದೇ ದಾರಿಯಲ್ಲಿ ಜಿಂಕೆಯಾಯಿತು, ಆದರೆ ‘ಮೃಗರಾಜ’ ಎಂಬಲ್ಲಿ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಗರ್ಲ್ ಎಂಬುದು ಮೊದಲು ಗಂಡಿಗೂ ಹೆಣ್ಣಿಗೂ ಸಲ್ಲುತ್ತಿದ್ದ ಮಾತು. ಆಮೇಲೆ ಹೆಣ್ಣಿಗೆ ಮೀಸಲಾಯಿತು. ನಮ್ಮಲ್ಲಿ ‘ಕೂಸು’ ಎಂದರೆ ಯಾವ ಶಿಶುವಾದರೂ ಸರಿಯೆ. ಹವ್ಯಕರ ಮನೆಮಾತಿನಲ್ಲಿ ಮಾತ್ರ ಕೂಸು ಎಂದರೆ ಹೆಣ್ಣುಮಗಳು. ಇನ್ನು ಕೆಲವು ಮಾತುಗಳ ಹರಹು ಹಿಗ್ಗುತ್ತದೆ. ಆಯಿಲ್ ಎಂಬುದರ ಮೂಲ ಗ್ರೀಕಿನಲ್ಲಿ ಆಲಿವ್ ಕಾಯಿಯ ಹೆಸರು. ಸಂಸ್ಕೃತದ ತೈಲ ತಿಲದಿಂದ, ಎಂದರೆ ಎಳ್ಳಿನಿಂದ ಬಂದದ್ದು. ಕನ್ನಡದ ಎಣ್ಣೆಯೂ ಎಳ್ಳಿನ ನೆಯ್ಯೇ. ಗ್ರೀಕರೂ ಆರ್ಯರೂ ದ್ರಾವಿಡರೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಕೆಲಸ ಮಾಡಿದ್ದಾರೆ: ತಮಗೆ ಗೊತ್ತಿದ್ದ ಒಂದು ಎಣ್ಣೆಯ ಹೆಸರನ್ನು ಎಲ್ಲ ಎಣ್ಣೆಗೂ ಕೊಟ್ಟಿದ್ದಾರೆ. ಸೀಮೆಎಣ್ಣೆಯಲ್ಲಿ ಎಳ್ಳನ್ನು ಹುಡುಕುವವನು ಯಾರು?

ಇದನ್ನೆಲ್ಲ ನಮ್ಮ ಹಿರಿಯರು ಬಲ್ಲರು. ಯೋಗಕ್ಕಿಂತ ರೂಢಿ ಬಲವಾದದ್ದು ಎಂಬುದು ಶಾಸ್ತ್ರಕಾರರ ನ್ಯಾಯ. ಯೋಗವೆಂದರೆ ಮಾತನ್ನು ಬಿಡಿಸಿದಾಗ ಬರುವ ಅರ್ಥ. ರೂಢಿಯೆಂದರೆ ಜನ ಒಪ್ಪಿ ನಡೆಸಿದ ಅರ್ಥ. ದರ್ಭೆಯನ್ನು ತರುವವನು ಕುಶಲ. ವೀಣೆಯನ್ನು ಬಲ್ಲವನು ಪ್ರವೀಣ. ಆದರೆ ದರ್ಭೆಯನ್ನೇ ನೋಡದ ಬಡಗಿಯೂ ಕುಶಲನೇ, ವೀಣೆಯನ್ನು ಮುಟ್ಟದ ವೈದ್ಯನೂ ಪ್ರವೀಣನೇ. ನ್ಯಾಯವೇನೋ ನಮ್ಮಲ್ಲಿತ್ತು. ಆದರೆ ಒಂದೊಂದು ಮಾತೂ ಯಾವ ಕಾಲದಲ್ಲಿ, ಯಾರ ಬರಹದಲ್ಲಿ ಹೇಗೆ ತಿರುಗಿತು ಎಂಬ ಲೆಕ್ಕವನ್ನು ನಾವು ಇಡಲಿಲ್ಲ. ಆ ಲೆಕ್ಕವನ್ನು ಹಿಡಿದು ಹೊರಟವರು ಇಂಗ್ಲಿಷಿನ ನಿಘಂಟುಕಾರರು. ಅವರೂ ಹೊರಟದ್ದು ಬೇರೆ ಉದ್ದೇಶದಿಂದ.

18ನೆಯ ಶತಮಾನದ ಲಂಡನ್ನಿನ ವಿದ್ವಾಂಸರಿಗೆ ತಮ್ಮ ಭಾಷೆ ಕೆಡುತ್ತಿದೆ ಎಂಬ ಚಿಂತೆ ಹತ್ತಿತ್ತು. ಫ್ರೆಂಚರಲ್ಲಿ 1635ರಲ್ಲಿ ಸ್ಥಾಪನೆಯಾದ ಪಂಡಿತ ಮಂಡಲಿಯೊಂದು ಭಾಷೆಯ ಕಾವಲಿಗೆ ಕೂತಿತ್ತು. ಅದರ ನಿಘಂಟು 1694ರಲ್ಲಿ ಹೊರಬಂದಿತ್ತು. ಇಂಗ್ಲಿಷಿಗೂ ಇಂಥದೊಂದು ಕಟ್ಟುಪಾಡು ಬೇಕೆಂಬ ಕೂಗಿನ ನಡುವೆ, 1746ರಲ್ಲಿ ಪುಸ್ತಕ ವ್ಯಾಪಾರಿಗಳ ಒಂದು ಕೂಟ ಸ್ಯಾಮ್ಯುಯೆಲ್ ಜಾನ್ಸನ್ನನಿಗೆ ನಿಘಂಟಿನ ಕೆಲಸವನ್ನು ಒಪ್ಪಿಸಿತು. ಒಪ್ಪಿದ ಹಣ 1,500 ಗಿನಿ. ಅದರಲ್ಲಿಯೇ ನಕಲುಗಾರರ ಸಂಬಳ, ಕಾಗದ, ಮಸಿ ಎಲ್ಲ ನಡೆಯಬೇಕು. ಮೂರು ವರ್ಷದಲ್ಲಿ ಮುಗಿಸುವೆನೆಂದು ಆತ ಹೇಳಿದ. ಹಿಡಿದದ್ದು ಸುಮಾರು ಒಂಬತ್ತು ವರ್ಷ. ಗಾಫ್ ಚೌಕದ ಮನೆಯ ಅಟ್ಟದಲ್ಲಿ ಆರು ಮಂದಿ ನಕಲುಗಾರರು ಕುಳಿತಿದ್ದರು. ಜಾನ್ಸನ್ ಪುಸ್ತಕಗಳನ್ನು ಓದುತ್ತ ಬೇಕಾದ ಮಾತಿಗೆ ಸೀಸದ ಕಡ್ಡಿಯಿಂದ ಗೆರೆಯೆಳೆಯುವುದು, ಅವರು ಆ ವಾಕ್ಯವನ್ನು ಚೀಟಿಗೆ ಇಳಿಸುವುದು. ಹೀಗೆ ಕೆಲಸ ಸಾಗಿತು. 1755ರ ಏಪ್ರಿಲ್ 15ರಂದು ಎರಡು ದೊಡ್ಡ ಸಂಪುಟಗಳು ಹೊರಬಂದವು. ಅದರಲ್ಲಿ 42,773 ಮಾತುಗಳಿದ್ದವು.

ಭಾಷೆಗೆ ಬೇಲಿ ಹಾಕುವ ಆಸೆಯಿಂದಲೇ ಜಾನ್ಸನ್ ಮೊದಲಿಟ್ಟದ್ದು. 1747ರಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ಆ ಆಸೆ ಕಾಣುತ್ತದೆ. ಆದರೆ ಲಕ್ಷಕ್ಕೆ ಮೀರಿದ ಪ್ರಯೋಗಗಳನ್ನು ಕೈಯಾರೆ ಆರಿಸಿದ ಮೇಲೆ ಅವನ ಮನಸ್ಸು ತಿರುಗಿತು. 1755ರ ಮುನ್ನುಡಿಯಲ್ಲಿ, ಮಾತನ್ನು ಕಟ್ಟಿನಿಲ್ಲಿಸುವುದು ಮನುಷ್ಯನ ಕೈಲಾಗದ ಕೆಲಸವೆಂದು ಆತ ಒಪ್ಪಿಕೊಂಡ. ಒಂಬತ್ತು ವರ್ಷದ ದುಡಿಮೆಯ ಕೊನೆಗೆ ತಾನು ಹೊರಟ ಉದ್ದೇಶವೇ ಆಗದ್ದೆಂದು ಬರೆಯುವುದಕ್ಕೆ ದೊಡ್ಡ ಮನಸ್ಸು ಬೇಕು. ಆತನಿಗೆ ತಪ್ಪೊಪ್ಪಿಕೊಳ್ಳುವ ಧೈರ್ಯವೂ ಇತ್ತು. ಕುದುರೆಯ ಗೊರಸಿನ ಮೇಲಿನ ಭಾಗದ ಹೆಸರಿಗೆ ಮೊಣಕಾಲೆಂದು ಅರ್ಥ ಬರೆದದ್ದೇಕೆಂದು ಒಬ್ಬ ಹೆಂಗಸು ಕೇಳಿದಾಗ, ಬರಿಯ ಅಜ್ಞಾನದಿಂದ ಎಂದುಬಿಟ್ಟನಂತೆ. ಆದರೂ ಹಳೆಯ ಕಾವಲುಗಾರ ಪೂರ್ತಿ ಮಲಗಿರಲಿಲ್ಲ. ಕ್ಲೆವರ್ ಎಂಬ ಮಾತನ್ನು ಆತ ಕೀಳುಮಾತೆಂದು ತಳ್ಳಿದ್ದ. ಇಂದು ಶಾಲೆಯ ವರದಿಯಲ್ಲಿ ಮಗನನ್ನು ಕ್ಲೆವರ್ ಎಂದು ಬರೆದರೆ ಸಂತೋಷಪಡದ ತಂದೆಯಿಲ್ಲ. ಜಾನ್ಸನ್ನನ ಅಪ್ಪಣೆಗೆ ಆ ಮಾತು ಕಾಯಲಿಲ್ಲ.

ಮುಂದಿನ ಹೆಜ್ಜೆ ಬಿದ್ದದ್ದು 1857ರ ನವೆಂಬರಿನಲ್ಲಿ. ವೆಸ್ಟ್‌ಮಿನ್‌ಸ್ಟರಿನ ಧರ್ಮಾಧಿಕಾರಿಯಾಗಿದ್ದ ರಿಚರ್ಡ್ ಟ್ರೆಂಚ್ ಎಂಬಾತ ಲಂಡನ್ನಿನ ಭಾಷಾಶಾಸ್ತ್ರ ಸಂಘದಲ್ಲಿ ಇಂಗ್ಲಿಷು ನಿಘಂಟುಗಳ ಕುಂದುಕೊರತೆಗಳನ್ನು ಕುರಿತು ಎರಡು ಸಂಜೆ ಮಾತನಾಡಿದ. ನಿಘಂಟುಕಾರನ ಕೆಲಸ ತೀರ್ಪುಗಾರನದಲ್ಲ, ಚರಿತ್ರಕಾರನದು ಎಂಬುದು ಅವನ ವಾದ. ಒಳ್ಳೆಯ ಮಾತು, ಕೆಟ್ಟ ಮಾತು ಎಂದು ಆರಿಸಕೂಡದು. ಪ್ರತಿಯೊಂದು ಮಾತಿಗೂ ಅದರ ಜೀವನಚರಿತ್ರೆಯನ್ನು ಬರೆಯಬೇಕು. ಅದು ಮೊದಲು ಎಲ್ಲಿ ಕಾಣಿಸಿಕೊಂಡಿತು, ಎಲ್ಲಿ ತಿರುಗಿತು, ಸತ್ತಿದ್ದರೆ ಯಾವಾಗ ಸತ್ತಿತು ಎಂಬುದನ್ನು ತಾರೀಖು ಸಹಿತ ತೋರಿಸಬೇಕು. ಇದು ಒಬ್ಬನಿಂದ, ಹತ್ತು ಮಂದಿಯಿಂದ ಆಗುವುದಲ್ಲ. ಓದುವ ಜನರೆಲ್ಲ ಕೈ ಹಾಕಬೇಕು. ಇದರಿಂದ ಹುಟ್ಟಿದ್ದೇ ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಎಂದು ಹೆಸರಾದ ಮಹಾನಿಘಂಟು.

ಮೊದಲ ಸಂಪಾದಕನಾದ ಹರ್ಬರ್ಟ್ ಕೋಲ್‌ರಿಜ್ 1861ರಲ್ಲಿ, ಇನ್ನೂ ಮೂವತ್ತರ ವಯಸ್ಸಿನಲ್ಲಿ, ತೀರಿಕೊಂಡ. ಆಮೇಲೆ ಕೆಲಸ ಹಿಡಿದ ಫರ್ನಿವಾಲ್ ಉತ್ಸಾಹದ ಬುಗ್ಗೆ, ಆದರೆ ಅಚ್ಚುಕಟ್ಟು ಸಾಲದು. 1879ರಲ್ಲಿ ಹೊಣೆ ಜೇಮ್ಸ್ ಮರ್ರೆಯ ಮೇಲೆ ಬಿತ್ತು. ಮರ್ರೆ ಸ್ಕಾಟ್ಲೆಂಡಿನ ಹಳ್ಳಿಯೊಂದರ ದರ್ಜಿಯ ಮಗ. ಹದಿನಾಲ್ಕರ ವಯಸ್ಸಿನಲ್ಲಿ ಶಾಲೆ ಬಿಟ್ಟವನು. ಲಂಡನ್ನಿನಲ್ಲಿ ಚಾರ್ಟರ್ಡ್ ಬ್ಯಾಂಕ್ ಆಫ್ ಇಂಡಿಯಾದ ಗುಮಾಸ್ತೆಯಾಗಿ, ಆಮೇಲೆ ಶಾಲಾ ಮಾಸ್ತರನಾಗಿ ಹೊಟ್ಟೆ ಹೊರೆದವನು. ಅವನಿಗೆ ಫರ್ನಿವಾಲನಿಂದ ಬಂದದ್ದು ಮೂಟೆಗಟ್ಟಲೆ ಚೀಟಿಗಳು, ತೂಕ ಸುಮಾರು ಎರಡು ಟನ್ನು. ಒಂದು ಮೂಟೆಯಲ್ಲಿ ಸತ್ತ ಹೆಗ್ಗಣ. ಇನ್ನೊಂದರಲ್ಲಿ ಸಂಸಾರ ಹೂಡಿದ ಇಲಿ. ಒಂದು ಅಕ್ಷರದ ಚೀಟಿಗಳು ಇಟಲಿಯ ಫ್ಲಾರೆನ್ಸಿನಲ್ಲಿದ್ದವು. ಮತ್ತೊಂದರ ಕೆಲವು ಚೀಟಿಗಳು ಐರ್ಲೆಂಡಿನ ಲಾಯವೊಂದರಲ್ಲಿ ಬೆಂಕಿ ಹೊತ್ತಿಸುವುದಕ್ಕೆ ಖರ್ಚಾಗಿದ್ದವು.

ಮರ್ರೆ ತೋಟದಲ್ಲಿ ತಗಡಿನ ಕೊಟ್ಟಿಗೆಯೊಂದನ್ನು ಕಟ್ಟಿಸಿ, ಗೋಡೆಯ ತುಂಬ ಗೂಡುಗಳನ್ನು ಮಾಡಿಸಿ, ಚೀಟಿಗಳನ್ನು ವಿಂಗಡಿಸತೊಡಗಿದ. ಅವನ ಹನ್ನೊಂದು ಮಕ್ಕಳೂ ಕೈಖರ್ಚಿನ ಕಾಸಿಗಾಗಿ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿದವರೇ. ವಿಂಗಡಿಸುವಾಗ ಒಂದು ಸೋಜಿಗ ಗೋಚರವಾಯಿತು. ಅಬ್ಯೂಷನ್ ಎಂಬ ಹಳೆಯ, ಅಪರೂಪದ ಮಾತಿಗೆ ಸುಮಾರು 50 ಚೀಟಿಗಳಿದ್ದವು. ದಿನ ಬೆಳಗಾದರೆ ಬಳಕೆಯಾಗುವ ಅಬ್ಯೂಸ್ ಎಂಬುದಕ್ಕೆ ಐದೂ ಇರಲಿಲ್ಲ. ಓದುಗರು ವಿಚಿತ್ರವಾದದ್ದನ್ನು ಕಂಡು ಬರೆದುಕೊಂಡಿದ್ದರು, ಕಣ್ಣೆದುರಿನದನ್ನು ಕಂಡಿರಲಿಲ್ಲ. ಸಾಮಾನ್ಯವಾದ ಮಾತುಗಳನ್ನು ಬರೆದುಕಳಿಸಿ ಎಂದು ಮರ್ರೆ ಜನರನ್ನು ಬೇಡಿಕೊಂಡ. ಆಕ್ಸ್‌ಫರ್ಡಿಗೆ ಮನೆ ಬದಲಿಸಿದ ಮೇಲೆ ಟಪಾಲು ಎಷ್ಟು ಬರುತ್ತಿತ್ತೆಂದರೆ, ಅಂಚೆಯವರು ಅವನ ಮನೆಯ ಮುಂದೆಯೇ ಒಂದು ಪೆಟ್ಟಿಗೆಯನ್ನು ನೆಟ್ಟರು.

ಚೀಟಿ ಕಳಿಸಿದವರಲ್ಲಿ ಪಾದ್ರಿಗಳು, ಉಪಾಧ್ಯಾಯರು, ಮನೆವಾರ್ತೆಯ ನಡುವೆ ಬಿಡುವು ಮಾಡಿಕೊಂಡ ಹೆಂಗಸರು ಎಲ್ಲರೂ ಇದ್ದರು. ಇಬ್ಬರ ಹೆಸರನ್ನು ಇಲ್ಲಿ ಹೇಳಬೇಕು. ಒಬ್ಬ ಫಿಟ್ಸ್‌ಎಡ್ವರ್ಡ್ ಹಾಲ್, ಅಮೆರಿಕದವನು. ಓಡಿಹೋಗಿದ್ದ ತಮ್ಮನನ್ನು ಹುಡುಕಿಕೊಂಡು 1846ರಲ್ಲಿ ಕಲ್ಕತ್ತೆಗೆ ಬಂದವನು ಇಲ್ಲಿಯೇ ನಿಂತು, ಸಂಸ್ಕೃತ ಕಲಿತು, ಕಾಶಿಯ ಸರಕಾರಿ ಸಂಸ್ಕೃತ ಪಾಠಶಾಲೆಯಲ್ಲಿ ಅಧ್ಯಾಪಕನಾದ. ಮುಂದೆ ಲಂಡನ್ನಿನಲ್ಲಿ ಪಂಡಿತರೊಡನೆ ಜಗಳವಾಗಿ, ಕೆಲಸ ಕಳೆದುಕೊಂಡು, ಸಫೋಕಿನ ಹಳ್ಳಿಯೊಂದರಲ್ಲಿ ಒಂಟಿಯಾಗಿ ಕುಳಿತ. ಅಲ್ಲಿಂದಲೇ ಸುಮಾರು ಇಪ್ಪತ್ತು ವರ್ಷ, 1901ರಲ್ಲಿ ಸಾಯುವವರೆಗೆ, ದಿನಕ್ಕೆ ನಾಲ್ಕಾರು ಗಂಟೆ ಮರ್ರೆಯ ಕರಡುಗಳನ್ನು ತಿದ್ದಿದ. ಇಬ್ಬರೂ ಒಮ್ಮೆಯೂ ಮುಖಾಮುಖಿಯಾಗಲಿಲ್ಲ. ಇನ್ನೊಬ್ಬ ವಿಲಿಯಂ ಮೈನರ್, ಅಮೆರಿಕದ ಸೈನ್ಯದ ವೈದ್ಯ. ಚಿತ್ತಭ್ರಮೆಯಿಂದ 1872ರಲ್ಲಿ ಲಂಡನ್ನಿನ ಬೀದಿಯಲ್ಲಿ ಜಾರ್ಜ್ ಮೆರೆಟ್ ಎಂಬ ಕಾರ್ಮಿಕನನ್ನು ಗುಂಡಿಟ್ಟು ಕೊಂದು, ಬ್ರಾಡ್‌ಮೂರಿನ ಆಸ್ಪತ್ರೆಯಲ್ಲಿ ಬಂದಿಯಾಗಿದ್ದವನು. ಅಲ್ಲಿ ತನ್ನ ಕೋಣೆಯ ಪುಸ್ತಕಗಳನ್ನು ಓದುತ್ತ ಸಾವಿರಾರು ಪ್ರಯೋಗಗಳನ್ನು ಒದಗಿಸಿದ. ನಿಘಂಟಿನ ಕಥೆ ಹೇಳುವವರು ಮೈನರನ ಪಾಂಡಿತ್ಯವನ್ನು ಕೊಂಡಾಡುತ್ತಾರೆ. ಬೆಳಗಿನ ಜಾವ ಕೆಲಸಕ್ಕೆ ಹೊರಟಿದ್ದ ಮೆರೆಟ್ಟನನ್ನೂ ಅವನ ಹೆಂಡತಿ ಮಕ್ಕಳನ್ನೂ ನೆನೆಯುವವರು ಕಡಿಮೆ.

ಹತ್ತು ವರ್ಷದಲ್ಲಿ ಮುಗಿಯಬೇಕೆಂದು ಕರಾರಾಗಿದ್ದ ಕೆಲಸ ಐದು ವರ್ಷವಾದ ಮೇಲೂ ಮೊದಲ ಅಕ್ಷರವನ್ನು ದಾಟಲಿಲ್ಲ. 1884ರಲ್ಲಿ ಹೊರಬಂದ ಮೊದಲ ಕಂತು ‘ಆಂಟ್’, ಎಂದರೆ ಇರುವೆ, ಎಂಬಲ್ಲಿಗೆ ನಿಂತಿತ್ತು. ಕೆಲಸದ ನಡೆಯೂ ಇರುವೆಯದೇ. ಮರ್ರೆ 1915ರಲ್ಲಿ ತೀರಿಕೊಂಡ, ಮುಕ್ತಾಯವನ್ನು ಕಾಣದೆಯೇ. 1928ರಲ್ಲಿ ನಿಘಂಟು ಪೂರ್ತಿಯಾದಾಗ ಅದರಲ್ಲಿ 4,14,825 ಮಾತುಗಳೂ 18,27,306 ಪ್ರಯೋಗಗಳೂ ಇದ್ದವು. ಇಷ್ಟಾದರೂ ಒಂದು ಮಾತಿನ ಚೀಟಿಗಳು ಕಳೆದುಹೋಗಿ ಆ ಮಾತೇ ಬಿಟ್ಟುಹೋಗಿತ್ತು. ‘ಬಾಂಡ್‌ಮೇಡ್’ ಎಂಬುದು ಆ ಮಾತು. ಸಂಬಳವಿಲ್ಲದ ದಾಸಿ ಎಂದು ಅರ್ಥ. 1933ರ ಪುರವಣಿಯಲ್ಲಿ ಅದಕ್ಕೆ ಸ್ಥಳ ಸಿಕ್ಕಿತು. ಕಾಕತಾಳೀಯವೆಂದೇ ಇಟ್ಟುಕೊಳ್ಳೋಣ. ಆದರೂ ಲಕ್ಷಾಂತರ ಮಾತುಗಳ ಮಹಾಮನೆಯಲ್ಲಿ ಬಾಗಿಲಾಚೆ ಉಳಿದವಳು ದಾಸಿಯೇ ಆದಳಲ್ಲ ಎಂದು ಮನಸ್ಸಿಗೆ ಚುಚ್ಚುತ್ತದೆ.

ಈ ಶ್ರಮದಿಂದ ಆದ ಪ್ರಯೋಜನವೇನು? ಪಾಷ್ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಇಂಡಿಯಾಕ್ಕೆ ಬರುವಾಗ ಹಡಗಿನ ಎಡಮಗ್ಗುಲಲ್ಲಿ, ಊರಿಗೆ ಮರಳುವಾಗ ಬಲಮಗ್ಗುಲಲ್ಲಿ ಕೋಣೆ ಹಿಡಿದರೆ ಬಿಸಿಲಿನ ಝಳ ತಟ್ಟುವುದಿಲ್ಲ. ಹಣವಂತ ಸಾಹೇಬರ ಟಿಕೆಟ್ಟಿನ ಮೇಲೆ ಇದನ್ನು ಸೂಚಿಸುವ ನಾಲ್ಕು ಇಂಗ್ಲಿಷು ಮಾತುಗಳ ಮೊದಲಕ್ಷರಗಳನ್ನು ಒತ್ತುತ್ತಿದ್ದರು. ಅದೇ ಪಾಷ್ ಆಯಿತು ಎಂದು ಕಥೆ. ಕಥೆ ಸೊಗಸಾಗಿದೆ. ಆದರೆ ಅಂಥ ಒಂದು ಟಿಕೆಟ್ಟನ್ನೂ ಯಾರೂ ತೋರಿಸಿಲ್ಲ. ಮಾತು ಮೊದಲನೆಯ ಮಹಾಯುದ್ಧದ ಹೊತ್ತಿಗೇ ಬಳಕೆಯಲ್ಲಿತ್ತು. ಕಥೆ ಅಚ್ಚಿನಲ್ಲಿ ಕಾಣುವುದು 1930ರ ದಶಕದಲ್ಲಿ. ಮಗು ಹುಟ್ಟಿ ಓಡಾಡತೊಡಗಿದ ಮೇಲೆ ಬರೆದ ಜಾತಕ ಅದು. ತಾರೀಖು ಹಾಕಿದ ಚೀಟಿಯೇ ಇಲ್ಲಿ ಸಾಕ್ಷಿ.

ನಮ್ಮ ಬೆಂಗಳೂರಿನ ಹೆಸರಿಗೂ ಇಂಥ ಕಥೆಯೊಂದು ಅಂಟಿಕೊಂಡಿದೆ. ಬೇಟೆಯಲ್ಲಿ ದಾರಿತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂದು ಎಲ್ಲರೂ ಹೇಳುವುದುಂಟು. ಆ ಮುದುಕಿಯ ಔದಾರ್ಯಕ್ಕೆ ನಮಸ್ಕಾರ. ಆದರೆ ಬೇಗೂರಿನ ವೀರಗಲ್ಲಿನಲ್ಲಿ, ಸುಮಾರು 890ರ ಹೊತ್ತಿಗೇ, ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ವೀರಬಲ್ಲಾಳ ಆಳತೊಡಗಿದ್ದು 1173ರಲ್ಲಿ. ಇಲ್ಲಿ ಚೀಟಿಯ ಕೆಲಸವನ್ನು ಕಲ್ಲು ಮಾಡಿದೆ.

ಬಳಕೆಯನ್ನು ಬಿಟ್ಟು ನಿಘಂಟು ತಾನೇ ಮಾತನ್ನು ಹುಟ್ಟಿಸಹೋದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವುಂಟು. 1934ರಲ್ಲಿ ಅಮೆರಿಕದಲ್ಲಿ ಹೊರಬಂದ ವೆಬ್‌ಸ್ಟರ್ ನಿಘಂಟಿನಲ್ಲಿ ‘ಡಾರ್ಡ್’ ಎಂಬ ಮಾತೊಂದಿತ್ತು. ಭೌತ ರಸಾಯನ ಶಾಸ್ತ್ರಗಳಲ್ಲಿ ಸಾಂದ್ರತೆ ಎಂದು ಅರ್ಥ ಕೊಟ್ಟಿತ್ತು. ಅಂಥ ಮಾತೇ ಲೋಕದಲ್ಲಿ ಇರಲಿಲ್ಲ. ಸಾಂದ್ರತೆಗೆ ಡಿ ಎಂಬ ಅಕ್ಷರವನ್ನು ದೊಡ್ಡದಾಗಿ ಅಥವಾ ಚಿಕ್ಕದಾಗಿ ಬರೆಯಬಹುದು ಎಂದು ಸೂಚಿಸಿದ್ದ ಚೀಟಿಯೊಂದನ್ನು, ‘ಅಥವಾ’ ಎಂಬುದರ ಇಂಗ್ಲಿಷು ರೂಪವನ್ನೂ ಸೇರಿಸಿ ಒಂದೇ ಮಾತೆಂದು ಯಾರೋ ಓದಿದ್ದರು. 1939ರಲ್ಲಿ ಒಬ್ಬ ಸಂಪಾದಕನ ಕಣ್ಣಿಗೆ ಅದು ಬಿತ್ತು. ಆ ಮಾತಿಗೆ ವ್ಯುತ್ಪತ್ತಿಯೇ ಇಲ್ಲವಲ್ಲ ಎಂದು ಅನುಮಾನ ಬಂದು ಹುಡುಕಿದ. ಅಷ್ಟು ವರ್ಷ ಘನವಾದ ನಿಘಂಟಿನೊಳಗೆ ಅದು ಮರ್ಯಾದೆಯಿಂದ ಕುಳಿತಿತ್ತು. ಆದರೆ ಯಾರ ನಾಲಗೆಯ ಮೇಲೂ ಆಡಲಿಲ್ಲ. ನಿಘಂಟಿನ ಮುದ್ರೆ ಬಿದ್ದ ಮಾತ್ರಕ್ಕೆ ಮಾತಿಗೆ ಜೀವ ಬರುವುದಿಲ್ಲ.

ಇನ್ನು ಡೆಸಿಮೇಟ್ ಎಂಬುದರ ಪ್ರಶ್ನೆ. ದಂಗೆಯೆದ್ದ ಸೈನಿಕರಲ್ಲಿ ಚೀಟಿಯೆತ್ತಿ ಹತ್ತಕ್ಕೊಬ್ಬನನ್ನು ಕೊಲ್ಲುವ ಶಿಕ್ಷೆ ರೋಮಿನಲ್ಲಿತ್ತು ನಿಜ. ಮಾತು ಅಲ್ಲಿಂದ ಬಂದದ್ದೂ ನಿಜ. ಆದರೆ ಇಂಗ್ಲಿಷು ಬರಹಗಾರರು 17ನೆಯ ಶತಮಾನದಿಂದಲೂ ಅದನ್ನು ಭಾರಿ ನಾಶ ಎಂಬ ಅರ್ಥದಲ್ಲಿ ಬಳಸುತ್ತಿದ್ದಾರೆ. ಹತ್ತರ ಲೆಕ್ಕವನ್ನು ಪಟ್ಟುಹಿಡಿಯುವವರು ಡಿಸೆಂಬರನ್ನು ಹನ್ನೆರಡನೆಯ ತಿಂಗಳೆಂದು ಕರೆಯುವುದನ್ನೂ ಬಿಡಬೇಕಾದೀತು. ಅದರ ಹೆಸರಿನಲ್ಲಿಯೂ ಇರುವುದು ಹತ್ತೇ. ಹುಟ್ಟನ್ನು ತಿಳಿಯುವುದು ಸಂತೋಷದ ವಿದ್ಯೆ. ಅದನ್ನು ಬೆತ್ತವಾಗಿ ಹಿಡಿದು ಆಡುವವರನ್ನು ಹೊಡೆಯುವುದು ವಿದ್ಯೆಯಲ್ಲ. ಹಾಗೆಂದು ಬಾಯಿಗೆ ಬಂದದ್ದೆಲ್ಲ ಸರಿಯೆಂದು ನಾನು ಹೇಳುತ್ತಿಲ್ಲ. ಒಬ್ಬನ ತಪ್ಪು ತಪ್ಪೇ; ನಾಲ್ಕು ಜನ ಅರಿತು ನಡೆಸಿ, ತಲೆಮಾರು ಉಳಿದು ಬಂದದ್ದು ರೂಢಿ. ಎರಡನ್ನೂ ಬೇರೆ ಮಾಡುವುದಕ್ಕೆ ಪ್ರಯೋಗಗಳ ಲೆಕ್ಕ ಬೇಕು.

ಆ ಲೆಕ್ಕ ಕನ್ನಡದಲ್ಲಿ ಇಲ್ಲವೆ? ಇದೆ. 1853ರಲ್ಲಿ ಈ ನಾಡಿಗೆ ಬಂದ ಕಿಟ್ಟೆಲರು ಕಾವ್ಯ, ವ್ಯಾಕರಣ, ಗಾದೆಗಳಿಂದ ಪ್ರಯೋಗಗಳನ್ನು ಕೂಡಿಸಿ 1894ರಲ್ಲಿ ಮಂಗಳೂರಿನಲ್ಲಿ ತಮ್ಮ ಕನ್ನಡ–ಇಂಗ್ಲಿಷು ಕೋಶವನ್ನು ಹೊರತಂದರು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಶಾಸನಗಳಿಂದಲೂ ಗ್ರಂಥಗಳಿಂದಲೂ ಪ್ರಯೋಗಗಳನ್ನು ಎತ್ತಿಕೊಟ್ಟು, 1970ರಿಂದ 1995ರವರೆಗೆ ಎಂಟು ಸಂಪುಟಗಳಾಗಿ ಬಂದಿತು. ಅದಕ್ಕೆ ದುಡಿದ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತೀರಿಕೊಳ್ಳುವವರೆಗೂ, ನೂರನ್ನು ದಾಟಿದ ಮೇಲೂ, ಮಾತಿನ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಇವು ಸಣ್ಣ ಕೆಲಸಗಳಲ್ಲ. ಆದರೆ ಅಬ್ಯೂಷನ್ನಿಗೆ 50 ಚೀಟಿ, ಅಬ್ಯೂಸಿಗೆ ಐದೂ ಇಲ್ಲ ಎಂಬ ಮರ್ರೆಯ ಸಂಕಟ ನಮ್ಮದೂ ಹೌದು. ಕಲ್ಲಿನ ಮೇಲೆ, ಓಲೆಯ ಮೇಲೆ ಉಳಿದ ಮಾತುಗಳಿಗೆ ಸಾಕ್ಷಿಯುಂಟು. ಗದ್ದೆಯಲ್ಲಿ, ಮಗ್ಗದ ಗುಂಡಿಯಲ್ಲಿ, ಬಾಣಂತಿಯ ಕೋಣೆಯಲ್ಲಿ ಬಾಳಿದ ಎಷ್ಟೋ ಮಾತುಗಳಿಗೆ ಇಲ್ಲ.

ನನ್ನ ತರಗತಿಗೆ ಉತ್ತರ ಕರ್ನಾಟಕದ ಹುಡುಗನೊಬ್ಬ ಬಂದು ‘ಒಲ್ಲೆ’ ಎಂದರೆ ಬೆಂಗಳೂರಿನ ಹುಡುಗರು ನಗುತ್ತಾರೆ. ಆ ಮಾತು ಹಳಗನ್ನಡದ ಕವಿಗಳದು. ‘ಬೇಡ’ ಎಂಬಷ್ಟೇ ಗೌರವ ಅದಕ್ಕೂ ಸಲ್ಲಬೇಕು. ವಿಲ್ಲನ್ ಎಂಬ ಮಾತಿಗೆ ಆದ ಅನ್ಯಾಯವನ್ನು ಅಳಿಸುವುದು ಇನ್ನು ಯಾರ ಕೈಯಲ್ಲಿಯೂ ಇಲ್ಲ. ಗ್ರಾಮ್ಯವೆಂಬ ಹಣೆಪಟ್ಟಿ ಹಚ್ಚಿ ನಮ್ಮ ಮಾತುಗಳನ್ನು ಬಾಗಿಲಾಚೆ ನಿಲ್ಲಿಸದಿರುವುದು ಮಾತ್ರ ನಮ್ಮ ಕೈಯಲ್ಲಿದೆ. ವಾಚಕರಲ್ಲಿ ಯಾರಿಗಾದರೂ ಬಿಡುವಿದ್ದರೆ, ಮನೆಯ ಹಿರಿಯರು ಆಡುವ ಒಂದು ಮಾತನ್ನು, ಅವರು ಆಡಿದ ವಾಕ್ಯದ ಸಮೇತ, ಒಂದು ಚೀಟಿಯಲ್ಲಿ ಬರೆದಿಡಲಿ. ಅಪರೂಪದ್ದೇ ಆಗಬೇಕೆಂದಿಲ್ಲ. ಊರಿನ ಹೆಸರು, ತಾರೀಖು ಹಾಕುವುದನ್ನು ಮಾತ್ರ ಮರೆಯಬಾರದು.